ಪಲ್ಪರ್ ತೊಟ್ಟಿಯ ಎಚ್ಚರಿಕೆಗಳನ್ನು ನಿಲ್ಲಿಸಿದ ಬಗ್ಗೆ

ಕಲ್ಲೇಶ್ ಬಿನ್ ಗಂಗಾಧರಪ್ಪ, ವಯಸ್ಸು 46 ವರ್ಷ, ಕಸುಬು ಕಂಪ್ಯೂಟರ್ ಮತ್ತು ಮೊಬೈಲ್ ರಿಪೇರಿ ಅಂಗಡಿ, ವಾಸ ಬಸ್ ನಿಲ್ದಾಣದ ಹಿಂಭಾಗ, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು. ಈ ದಿನ ಬೆಳಿಗ್ಗೆ 10.30ಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಇದೇ ವಿಷಯದಲ್ಲಿ ದಿನಾಂಕ 12-01-2025ರಂದು ನಾನು ಒಂದು ಹೇಳಿಕೆ ಕೊಟ್ಟಿದ್ದೇನೆ. ಬಿಲ್ವಗುಡ್ಡ ಎಸ್ಟೇಟಿನ ಪಲ್ಪರ್ ನೀರಿನ ತೊಟ್ಟಿ ಉಕ್ಕಿದ ದಿನ ನನ್ನ ಸರ್ವರ್ ಚಾಲೂ ಇತ್ತು, ತೊಟ್ಟಿಯ ಮಟ್ಟ ಅದರಲ್ಲಿ ಸರಿಯಾಗಿ ದಾಖಲಾಗಿದೆ, ಪಂಪು ಹಾಕುವುದು ಪಲ್ಪರ್ ಕೆಲಸದ ಚಿಕ್ಕಯ್ಯನವರ ಜವಾಬ್ದಾರಿ ಎಂದು ಹೇಳಿದ್ದೆ. ಅದರಲ್ಲಿ ಸುಳ್ಳು ವಾಕ್ಯ ಒಂದೂ ಇಲ್ಲ. ಆದರೂ ಅದು ಸುಳ್ಳು ಹೇಳಿಕೆ.

ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ನೀರು ಹಳ್ಳಕ್ಕೆ ಹೋಗಬಾರದು. ಅದನ್ನು ತೊಟ್ಟಿಯಲ್ಲಿ ಹಿಡಿದು ಮೇಲಿನ ಹೊಂಡಕ್ಕೆ ಪಂಪು ಮಾಡಬೇಕು. ಮೊದಲು ಚಿಕ್ಕಯ್ಯನವರು ಗೆರೆ ಕೊರೆದ ಬಿದಿರಿನ ಗಳವೊಂದನ್ನು ತೊಟ್ಟಿಗೆ ಇಳಿಸಿ ಗಂಟೆಗೊಮ್ಮೆ ನೋಡುತ್ತಿದ್ದರು. 2021ರಲ್ಲಿ ನಾನು ತೊಟ್ಟಿಗೆ ಮಟ್ಟ ಅಳೆಯುವ ಸೆನ್ಸರ್ ಹಾಕಿದೆ. ಅದು ನಿಮಿಷಕ್ಕೊಮ್ಮೆ ನನ್ನ ಅಂಗಡಿಯ ಮಹಡಿಯಲ್ಲಿರುವ ಸರ್ವರಿಗೆ ಮಟ್ಟ ಕಳಿಸುತ್ತದೆ. ಶೇಕಡ 90 ತುಂಬಿದರೆ ಚಿಕ್ಕಯ್ಯನವರಿಗೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹಾಲೇಶರಿಗೆ ಮತ್ತು ನನಗೆ ಮೆಸೇಜ್ ಬರುತ್ತದೆ. ಇನ್ನು ಗಳ ಎಂತಕ್ಕೆ, ಫೋನೇ ಕೂಗುತ್ತದೆ ಎಂದು ಚಿಕ್ಕಯ್ಯನವರಿಗೆ ಹೇಳಿದವನು ನಾನು. ಆ ಗಳ ಈಗ ಎಸ್ಟೇಟಿನವರು ಕೆಲಸಗಾರರಿಗೆ ಕೊಟ್ಟಿರುವ ಸಾಲಿನಲ್ಲಿ ಅವರ ಲೈನ್ ಮನೆಯ ಮುಂದೆ ಬಟ್ಟೆ ಒಣಹಾಕಲು ಇದೆ.

ತೊಟ್ಟಿ ತುಂಬಿದ ಸುದ್ದಿಯನ್ನು ಸರ್ವರಿನಲ್ಲಿ 'ಅಪಾಯ' ಎಂದು ಬರೆಯುವುದು ಬೇಡ, ತಪಾಸಣೆಗೆ ಬಂದವರು ಕಂಡರೆ ಚೆನ್ನಾಗಿರುವುದಿಲ್ಲ ಎಂದು ಎಸ್ಟೇಟಿನ ಮಾಲೀಕರು ಆಗ ಅಂದಿದ್ದರು. ನಾನು ಅದನ್ನು 'ಎಚ್ಚರಿಕೆ' ಎಂಬ ವರ್ಗಕ್ಕೆ ಸೇರಿಸಿದೆ.

ದಿನಾಂಕ 02-01-2025ರಂದು ಈ ಮಟ್ಟ ತೋರಿಸುವ ವೆಬ್ ಪುಟಕ್ಕೆ ಹೊಸದಾಗಿ ಒಂದು ಗಡಿಯಾರದಂಥ ಮೀಟರ್ ಕೂಡಿಸಿದೆ. ಮಾಲೀಕರು ಆ ಪುಟವನ್ನು ಜಗಲಿಯ ಟಿವಿಯಲ್ಲಿ ದಿನವಿಡೀ ಹಾಕಿರುತ್ತಾರೆ. ಬಂದವರು ನೋಡಿ ಮೆಚ್ಚಲಿ ಎಂದು ಮೀಟರಿನ ಮುಳ್ಳು ಸ್ವಲ್ಪ ನಡುಗುವಂತೆ ಮಾಡಿದೆ. ಹಾಗೆ ನಡುಗಬೇಕಾದರೆ ಅದು ಸೆಕೆಂಡಿಗೊಮ್ಮೆ ಮಟ್ಟ ಕೇಳಬೇಕು. ಸೆನ್ಸರ್ ಕೊಡುವುದು ನಿಮಿಷಕ್ಕೊಮ್ಮೆ. ಉಳಿದ 59 ಸಲವೂ ಸರ್ವರ್ 'ಮಟ್ಟ ಸಿಗಲಿಲ್ಲ' ಎಂದು ಎಚ್ಚರಿಕೆ ಬರೆದುಕೊಂಡು, ಐದು ನಿಮಿಷಕ್ಕೊಂದರಂತೆ ಮೂವರಿಗೂ ಮೆಸೇಜ್ ಕಳಿಸತೊಡಗಿತು.

ಇದು ನನಗೆ ಆಗ ತಿಳಿಯಲಿಲ್ಲ. 4ನೇ ತಾರೀಕು ಎಸ್ಟೇಟಿಗೆ 11 ಕಿ.ಮೀ. ಬೈಕಿನಲ್ಲಿ ಹೋಗಿ ಸೆನ್ಸರ್ ಒರೆಸಿದೆ, ಕೇಬಲ್ ಬದಲಿಸಿದೆ. ನಿಲ್ಲಲಿಲ್ಲ. ಹಾಲೇಶರು ಫೋನ್ ಮಾಡಿ, "ಎಂತ ಮಾರಾಯ ಇದು, ನನ್ನ ಫೋನು ಜೀರುಂಡೆ ಆಗಿದೆ. ಯಾರದ್ದು ಇಷ್ಟು ಮೆಸೇಜು ಅಂತ ಮನೇಲಿ ಕೇಳ್ತಾರೆ, ತೊಟ್ಟಿದು ಅಂದ್ರೆ ನಂಬೂದಿಲ್ಲ" ಎಂದರು; ಅಂದೇ ಆ ಮೆಸೇಜುಗಳನ್ನು ತಮ್ಮ ಫೋನಿನಲ್ಲಿ ಬ್ಲಾಕ್ ಮಾಡಿಕೊಂಡರು. 6ನೇ ತಾರೀಕು ಸಂಜೆ 4.50ಕ್ಕೆ ಎಸ್ಟೇಟಿನಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಇರುವ ಸೆನ್ಸರ್ ಮಟ್ಟ ಕಳಿಸುತ್ತಲೇ ಇತ್ತು, ಎಚ್ಚರಿಕೆಗಳು ಮಾತ್ರ ನಿಂತವು. ಟಿವಿ ಆರಿದ್ದರಿಂದ ಮೀಟರ್ ಕೇಳುವುದು ನಿಂತಿದೆ ಎಂದು ಆಗ ಅರ್ಥವಾಯಿತು. ತಪ್ಪು ಸೆನ್ಸರಿನದಲ್ಲ, ನನ್ನ ಮುಳ್ಳಿನದು.

ಕರೆಂಟ್ ಬಂದರೆ ಮೆಸೇಜುಗಳೂ ಮತ್ತೆ ಶುರುವಾಗುತ್ತಿದ್ದವು. ಮೀಟರನ್ನು ತಿದ್ದಲು ಅರ್ಧ ದಿನ ಬೇಕಿತ್ತು. ಮುಳ್ಳಿನ ನಡುಕವೂ ಹೋಗುತ್ತಿತ್ತು. ಅದರ ಬದಲು 5.40ಕ್ಕೆ, 'ಎಚ್ಚರಿಕೆ' ವರ್ಗದ ಯಾವ ಮೆಸೇಜನ್ನೂ ಕಳಿಸಬೇಡ ಎಂದು ಸರ್ವರಿಗೆ ಹೇಳಿದೆ. ಹಾಗೆ ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ತೊಟ್ಟಿ ತುಂಬಿದ ಮೆಸೇಜೂ ಅದೇ ವರ್ಗದ್ದು ಎಂಬುದು ನೆನಪಿಗೆ ಬಂದಿತೇ ಎಂದು ಕೇಳಿದರೆ, ಬರಲಿಲ್ಲ ಎಂದೇ ಹೇಳುತ್ತೇನೆ. ಬರುವಷ್ಟು ಹೊತ್ತು ನಾನು ಕಾಯಲಿಲ್ಲ.

ದಿನಾಂಕ 11-01-2025ರ ಶನಿವಾರ ಬೆಳಿಗ್ಗೆ 7ಕ್ಕೆ, ನಾನು ಮೆಸೇಜ್ ನಿಲ್ಲಿಸಿದ ಮೇಲೆ ಮೊದಲ ಸಲ, ಚಿಕ್ಕಯ್ಯನವರು ಬೀಜ ತೊಳೆಯಲು ಶುರುಮಾಡಿದರು. ಸರ್ವರಿನ ದಾಖಲೆಯಂತೆ ತೊಟ್ಟಿ 7.42ಕ್ಕೆ ಶೇಕಡ 90 ತುಂಬಿತು, 8.25ಕ್ಕೆ ಉಕ್ಕಿತು. 10.10ರವರೆಗೆ ಉಕ್ಕುತ್ತಲೇ ಇತ್ತು. 1.2 ಕಿ.ಮೀ. ಕೆಳಗೆ, ಹುಣಸೆಬೈಲಿನ ಹದಿನೇಳು ಮನೆಗಳಿಗೆ ನೀರು ಕೊಡುವ ಹಳ್ಳದ ಬಾವಿಯಲ್ಲಿ ಕಂದು ನೊರೆ ಬಂದಿದ್ದನ್ನು ಗಿರಿಜಾಂಬಾ ಎಂಬವರು ಮೊದಲು ನೋಡಿ ದೂರು ಕೊಟ್ಟರು. ಹಳ್ಳದ ನೀರು ಕುಡಿದ ಅವರ ಎರಡು ಕರುಗಳು ಸಂಜೆಯೊಳಗೆ ಸತ್ತವು.

11.40ಕ್ಕೆ ಹಾಲೇಶರು ನನಗೆ ಫೋನ್ ಮಾಡಿ ತಿಳಿಸಿದರು. 11.52ಕ್ಕೆ ನಾನು ಮೆಸೇಜುಗಳನ್ನು ಮತ್ತೆ ಚಾಲೂ ಮಾಡಿದೆ. ಯಾರಿಗೂ ಹೇಳಲಿಲ್ಲ. ಮರುದಿನ ಠಾಣೆಗೆ ಬಂದು ಮೊದಲ ಹೇಳಿಕೆ ಕೊಟ್ಟೆ.

13ನೇ ತಾರೀಕು ಬೆಳಿಗ್ಗೆ 11.15ಕ್ಕೆ ಚಿಕ್ಕಯ್ಯನವರು ನನ್ನ ಅಂಗಡಿಗೆ ಬಂದರು. ಅವರಿಗೆ 58 ವರ್ಷ. ತಿಂಗಳ ಕೊನೆಗೆ ಲೈನ್ ಮನೆ ಖಾಲಿ ಮಾಡಲು ಮಾಲೀಕರು ಹೇಳಿದ್ದರು. ಕರ್ಚೀಫಿನಲ್ಲಿ ಸುತ್ತಿದ ಬಟನ್ ಫೋನನ್ನು ಕೌಂಟರಿನ ಮೇಲಿಟ್ಟು, "ಅಣ್ಣಾ, ಅವತ್ತು ಇದು ಕೂಗೇ ಇಲ್ಲ. ತೊಳೆಯೋ ನೀರು ಒಳಗೆ ಹೋಯ್ತೇನೋ. ನೋಡಿ ಹೇಳಿ" ಎಂದರು. ನಿಮ್ಮ ಮಿಷನ್ ಯಾಕೆ ಕಳಿಸಲಿಲ್ಲ ಎಂದು ಕೇಳಲಿಲ್ಲ. ಹಾಗೆ ಕೇಳಬಹುದೆಂದು ಅವರಿಗೆ ತೋಚಿದಂತೆ ಕಾಣಲಿಲ್ಲ.

ನಾಲ್ಕು ಸ್ಕ್ರೂ ತೆಗೆದೆ. ಒಳಗೆಲ್ಲ ಒಣಗಿತ್ತು. ಸ್ಪೀಕರ್ ಕ್ಲೀನ್ ಮಾಡಿದಂತೆ ನಟಿಸಿ, ಮುಚ್ಚಿ, ನನ್ನ ಫೋನಿನಿಂದ ಒಂದು ಮೆಸೇಜ್ ಕಳಿಸಿದೆ. ಅದು ಜೋರಾಗಿ ಕೂಗಿತು. ನೀರು ಹೋಗಿತ್ತು, ಈಗ ಸರಿಯಾಯಿತು ಎಂದು ಹೇಳಿದೆ. ಅವರು ನಕ್ಕು, "ಅಷ್ಟೇ ಅಲ್ದಾ? ಹಂಗಾರೆ ನಂದೇ ತಪ್ಪು ಬಿಡಿ, ಜೇಬಲ್ಲಿ ಇಟ್ಕಬಾರ್ದಿತ್ತು" ಎಂದರು. ಎರಡು ಕಿತ್ತಳೆ ಹಣ್ಣು ಕೌಂಟರಿನ ಮೇಲಿಟ್ಟು 12ರ ಬಸ್ಸಿಗೆ ಹೋದರು. ಮಧ್ಯಾಹ್ನ ನಾನು ಒಂದನ್ನು ತಿಂದೆ.

ನಿನ್ನೆ ಸಂಜೆ ಹಾಲೇಶರು ಅಂಗಡಿಗೆ ಬಂದು, ಫೋನಿಗೆ ನೀರು ಹೋಗಲು ಬಿಟ್ಟದ್ದು ತಾನೇ ಎಂದು ಚಿಕ್ಕಯ್ಯನವರು 15ರಂದು ಠಾಣೆಯಲ್ಲಿ ಒಪ್ಪಿಕೊಂಡಿದ್ದಾರೆ, ಫೋನನ್ನೂ ಪೊಲೀಸರಿಗೆ ಕೊಟ್ಟಿದ್ದಾರೆ ಎಂದು ತಿಳಿಸಿದರು. "ನಿನ್ನ ಮಿಷನ್ನಿಗೆ ಎಂತದೂ ಇಲ್ಲ ಅಂತ ಆಯ್ತಲ್ಲ, ಆರಾಮಾಗಿರು ಮಾರಾಯ" ಎಂದರು. ನಾನು ಅವರಿಗೆ ಕಾಫಿ ತರಿಸಿದೆ.

ಮೆಸೇಜುಗಳನ್ನು ನಾನು ನಿಲ್ಲಿಸಿದ ಮತ್ತು ಚಾಲೂ ಮಾಡಿದ ಸಮಯ ಸರ್ವರಿನಲ್ಲಿ ನನ್ನ ಹೆಸರಿನೊಂದಿಗೆ ದಾಖಲಾಗಿದೆ. ಅಳಿಸಿಲ್ಲ. ನಾಲ್ಕು ಹಾಳೆ ಪ್ರಿಂಟ್ ತೆಗೆದು ಇದರೊಂದಿಗೆ ಕೊಟ್ಟಿದ್ದೇನೆ. ಚಿಕ್ಕಯ್ಯನವರ ಫೋನನ್ನು ಅವರಿಗೆ ಮರಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅದು ಯಾವತ್ತೂ ಕೆಟ್ಟಿರಲಿಲ್ಲ.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ಹೇಳಿರುತ್ತಾರೆ. ಒಂದು ಕಡೆ 'ಸ್ಪೀಕರ್ ಕ್ಲೀನ್ ಮಾಡಿ' ಎಂದಿದ್ದುದನ್ನು 'ಮಾಡಿದಂತೆ ನಟಿಸಿ' ಎಂದು ನಾನೇ ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ನಡೆದಂತೆಯೂ ಇದೆ.

ಸ್ಥಳ: ಆಲ್ದೂರು
ದಿನಾಂಕ: 17-01-2025

(ಸಹಿ)
ಕಲ್ಲೇಶ್ ಜಿ.