ಬೇಸ್‌ಮೆಂಟಿನಲ್ಲಿ ಊದಿದ ಉಸಿರು

ಇದು ನಮ್ಮ ಚಿಕ್ಕಮ್ಮನ ಮಗಳು ಮಾನಸಳಿಗೆ ಆದದ್ದು. ಹೋದ ಜನವರಿ, ಶಿಕಾಗೋ ಪಕ್ಕದ ಲೈಲ್‌ನಲ್ಲಿ.

ರಾತ್ರಿ ಒಂಬತ್ತೂವರೆ. ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಗಂಡ ಮಂಜೇಶ್‌ಗೆ ಡೆಸ್ ಪ್ಲೇನ್ಸ್‌ನಲ್ಲಿ ರಾತ್ರಿ ಪಾಳಿ. ಗೆಳತಿ ಸುಚೇತಾಳ ಮನೆಯಲ್ಲಿ ನಿದ್ದೆಹೋಗಿದ್ದ ಮಗಳು ತನಿಷಾಳನ್ನು ಹೆಗಲಿಗೆ ಹಾಕಿಕೊಂಡು ಮಾನಸ ಬಡಾವಣೆಯ ಹೊಂಡ ಬಳಸಿ ಮನೆಗೆ ನಡೆದಳು. ಹೆಪ್ಪುಗಟ್ಟಿದ ನೀರು ಒಳಗೊಳಗೇ ಬಿರಿಯುತ್ತಿತ್ತು… ಟಕ್… ಕಿರ್‍ರ್… ಟಕ್.

ಬಾಗಿಲು ತೆಗೆದರೆ ಒಳಗೂ ಅದೇ ಚಳಿ.

"ಮಮ್ಮಾ, ಐ ಆಮ್ ಕೋಲ್ಡ್," ಎಂದಳು ತನಿಷಾ, ಕಣ್ಣು ಬಿಡದೆ.

ಮನೆ ಸರೋಜ ಆಂಟಿಯದು. ಶನಿವಾರದ ಭಜನೆ ನಡೆಸುವವರು. ಮಾನಸಳ ತಾಯಿ ತೀರಿಕೊಂಡ ವರ್ಷ ಅವಳ ತಲೆಗೆ ಎಣ್ಣೆ ಹಚ್ಚಿ ಎರೆದವರು. ಬಾಡಿಗೆಗೆ ಬಂದ ದಿನ ತಾವೇ ನಿಂತು ಹೋಮ ಮಾಡಿಸಿದ್ದರು. ಹೊಗೆಗೆ ಅರಚುತ್ತವೆ ಎಂದು ಗೋಡೆಯ ಹೊಗೆ, ಅನಿಲದ ಅಲಾರಂಗಳನ್ನೆಲ್ಲ ಬಿಚ್ಚಿಸಿ, "ಆಮೇಲೆ ನಾನೇ ಹಾಕಿಸ್ತೀನಮ್ಮ," ಎಂದಿದ್ದರು. ಹಾಕಿಸಿರಲಿಲ್ಲ.

ಮಗುವಿಗೆ ಎರಡು ರಗ್ಗು ಹೊದಿಸಿ, ಮನೆ ಬೆಚ್ಚಗಿಡುವ ಫರ್ನೇಸು ನೋಡಲು ಮಾನಸ ಬೇಸ್‌ಮೆಂಟಿಗೆ ಇಳಿದಳು. ಫೋನು ಸ್ಪೀಕರಿನಲ್ಲಿ, ಆ ಕಡೆ ಸರೋಜ ಆಂಟಿ.

"ಆಂಟಿ, ಫರ್ನೇಸಿನ ಪೈಲಟ್ ದೀಪ ಮತ್ತೆ ಆರಿಹೋಗಿದೆ."

"ದೀಪ ಆರಿತು ಅನ್ನಬಾರದು ಕಣಮ್ಮ, ಶಾಂತವಾಯ್ತು ಅನ್ನು. ನಾಬ್ ಆಫ್ ಮಾಡು. ಐದು ನಿಮಿಷ ಬಿಡು, ಗ್ಯಾಸ್ ಹೋಗ್ಲಿ. ಆಮೇಲೆ ಪೈಲಟ್‌ಗೆ ತಿರುಗಿಸಿ, ಒತ್ತಿ ಹಿಡಿದು ಹಚ್ಚು. ಒಂದು ನಿಮಿಷ ಕೈ ತೆಗೀಬೇಡ."

"ಹೊಸದು ಹಾಕಿಸಬಾರದಾ ಆಂಟಿ?"

"ಗಟ್ಟಿ ಮಾಲು ಅದು. ನಿನ್ನ ಹಾಗೇ… ಮುನಿಸು ಸ್ವಲ್ಪ ಜಾಸ್ತಿ, ಅಷ್ಟೆ."

ಮಾನಸ ನಕ್ಕಳು. ಐದು ನಿಮಿಷ ಕಾದಳು. ಉದ್ದ ಲೈಟರು… ಟಿಕ್. ಸ್‌ಸ್‌ಸ್… ಭುಗ್. ನೀಲಿ ಕುಡಿ ಹೊತ್ತಿತು. ದೇವರನ್ನು ನೆನೆದು ಎಣಿಸತೊಡಗಿದಳು. ನಲವತ್ತೊಂದು… ನಲವತ್ತೆರಡು…

ಉಫ್.

ಕುಡಿ ಇಲ್ಲ. ಎಡಗೆನ್ನೆಯ ಮೇಲೆ ಉಸಿರು ಹಾದಂತಾಯಿತು. ಬೆಚ್ಚಗಿತ್ತು.

"ಗಾಳಿ ಇರಬೇಕು. ಇನ್ನೊಂದ್ಸಲ ಹಚ್ಚು," ಎಂದರು ಆಂಟಿ. ಮತ್ತೆ ಆಫ್. ಮತ್ತೆ ಐದು ನಿಮಿಷ. ಟಿಕ್. ಭುಗ್. ಹತ್ತು ಎಣಿಸಿರಲಿಲ್ಲ…

ಉಫ್.

"ಹಚ್ಚಬ್ಯಾಡ್ರಿ ಅಕ್ಕಾ…"

ಎಳೆಯ ದನಿ. ಧಾರವಾಡದ ಕಡೆಯ ಮಾತು. ಕಿವಿಯ ಪಕ್ಕದಲ್ಲೇ. ಮಾನಸ ಉಸಿರೆತ್ತುವ ಮೊದಲೇ ಫೋನಿನಿಂದ ಆಂಟಿಯ ದನಿ ಬಂತು:

"ನೀಲಗಂಗಾ… ಸುಮ್ನಿರು."

ಅಂಜಿಕೆಯಿಲ್ಲ. ಆಶ್ಚರ್ಯವಿಲ್ಲ. ಅಡುಗೆಮನೆಗೆ ನುಗ್ಗಿದ ಬೆಕ್ಕನ್ನು ಗದರುವಂತೆ… ರೂಢಿಯಾದ ದನಿ.

"ಆಂಟಿ… ನೀಲಗಂಗಾ ಯಾರು?"

ಆಂಟಿ ಮಾತು ತಿರುಗಿಸಿದರು.

"ನೀನು ಹಚ್ಚು ಮಗಳೇ. ಮಗು ನಡುಗುತ್ತೆ ಪಾಪ."

"ಯಾರು ಅಂದೆ."

ಫೋನು ಕಟ್.

ಮಗುವನ್ನು ರಗ್ಗಿನ ಸಮೇತ ಎತ್ತಿಕೊಂಡು ಮಾನಸ ಸುಚೇತಾಳ ಮನೆಗೆ ಓಡಿದಳು. ಪಿಸುಮಾತಿಗೆ ಅಷ್ಟು ನಡುಗಿರಲಿಲ್ಲ ಅವಳು. ನಡುಗಿದ್ದು ಆ 'ಸುಮ್ನಿರು'ಗೆ.

"ನೀಲಗಂಗಾ?" ಸುಚೇತಾಳ ಮುಖ ಬಿಳಿಚಿತು. "ಎರಡು ವರ್ಷದ ಹಿಂದೆ ಅದೇ ಬೇಸ್‌ಮೆಂಟಲ್ಲಿ ಬಾಡಿಗೆಗಿದ್ಲು. ಓದೋಕೆ ಬಂದ ಹುಡುಗಿ. ರಾತ್ರಿ ಮಲಗಿದವಳು ಏಳಲೇ ಇಲ್ಲ. ಹಾರ್ಟು ಅಂದ್ರು ಆಂಟಿ… ನಾವೆಲ್ಲ ನಂಬಿದ್ವಿ."

ಬೆಳಿಗ್ಗೆ ಬಂದ ಮೆಕ್ಯಾನಿಕ್ ಟಾರ್ಚು ಬಿಟ್ಟು ನೋಡಿದ. ಹೊಗೆ ಹೊರಗೊಯ್ಯುವ ಕೊಳವೆ ತುಕ್ಕು ಹಿಡಿದು, ಹಳೆಯ ತೇಪೆ ಕಿತ್ತು ಬಾಯಿಬಿಟ್ಟಿತ್ತು. ವಿಷದ ಗಾಳಿಯೆಲ್ಲ ಮನೆಯೊಳಕ್ಕೇ. "ರಾತ್ರಿ ಇದನ್ನ ಹಚ್ಚಿ ಮಲಗಿದ್ದರೆ ನೀವಿಬ್ಬರೂ ಏಳುತ್ತಿರಲಿಲ್ಲ," ಎಂದ. ಫರ್ನೇಸಿನ ಹಿಂಬದಿಯಲ್ಲಿ ಗ್ಯಾಸ್ ಕಂಪನಿಯ ಎರಡು ವರ್ಷ ಹಳೆಯ ಕೆಂಪು ಚೀಟಿ ಅಂಟಿತ್ತು. 'ಉಪಯೋಗಿಸಕೂಡದು.' ಕೆಳಗೆ, ಓದಿ ಒಪ್ಪಿದ್ದಕ್ಕೆ, ಸರೋಜ ಆಂಟಿಯ ದುಂಡು ಸಹಿ.

ಶನಿವಾರ ಮಾನಸ ಭಜನೆಗೆ ಹೋದಳು. ಮಂಗಳಾರತಿ ಆದಮೇಲೆ ಆಂಟಿ ಕುಂಕುಮದ ಬಟ್ಟಲು ಹಿಡಿದು ಬಂದರು.

"ಏನೂ ಆಗ್ಲಿಲ್ವಲ್ಲ ಮಗಳೇ," ಎಂದರು ಮೆಲ್ಲಗೆ.

ದೇವರ ಕುಂಕುಮ; ಬೇಡ ಅನ್ನಬಾರದು. ಮಾನಸ ಎದ್ದು ದೇವರ ಪಾದದಿಂದ ತಾನೇ ತೆಗೆದು ಹಣೆಗಿಟ್ಟುಕೊಂಡಳು. ಆಂಟಿಯ ಕೈ ಬಟ್ಟಲು ಹಿಡಿದೇ ನಿಂತಿತ್ತು.

ಮನೆ ಈಗ ಖಾಲಿ. ಗ್ಯಾಸ್ ಕಿತ್ತಿದ್ದಾರೆ, ನೀರು ನಿಲ್ಲಿಸಿದ್ದಾರೆ, ಒಳಗೆ ನರಪಿಳ್ಳೆಯಿಲ್ಲ. ಆದರೂ ಬೇಸ್‌ಮೆಂಟಿನ ಆ ಪುಟ್ಟ ಕಿಟಕಿಯ ಗಾಜಿಗೆ ಬೆಳಗಿನ ಹೊತ್ತು ಆವಿ ಕಟ್ಟಿರುತ್ತದೆ. ಹೊರಗಿನಿಂದಲ್ಲ. ಕೈಯಿಂದ ಒರೆಸಿ ನೋಡಿ ಬಂದವಳು ನಾನು… ಆಣೆಯಾಗಿಯೂ, ಒಳಗಿನಿಂದ.