ಶುಕ್ರವಾರದ ಕಚಗುಳಿ

ಹೇಳಿಕೆ ಕೊಡುತ್ತಿರುವ ನಾನು, ವಯಸ್ಸು ನಲವತ್ತೊಂಬತ್ತು, ವೃತ್ತಿ: ದಿನಪತ್ರಿಕೆಯ ‘ಕಚಗುಳಿ’ ಅಂಕಣಕ್ಕೆ ಚುಟುಕ ಬರೆಯುವುದು (ಠಾಣೆಯ ಬರಹಗಾರರು ಮೊದಲು ಗೃಹಿಣಿ ಎಂದು ಬರೆದಿದ್ದರು, ನಾನು ಹೇಳಿ ತಿದ್ದಿಸಿದ್ದೇನೆ), ವಾಸ: ಬಸ್ ಡಿಪೋ ಹಿಂಬದಿಯ ರಸ್ತೆ, ಹಾಲಿನ ಅಂಗಡಿಯ ಮೇಲೆ, ಎರಡನೇ ಮಹಡಿ. ಓದುಗರು ನನ್ನನ್ನು ಕಚಗುಳಿ ಅಕ್ಕ ಎನ್ನುತ್ತಾರೆ. ಈ ಮೂಲಕ ತಿಳಿಸುವುದೇನೆಂದರೆ, ನನ್ನ ಯಜಮಾನರು, ವಯಸ್ಸು ಐವತ್ತನಾಲ್ಕು, ನಿನ್ನೆ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕೆಲಸಕ್ಕೆ ಹೋಗಿಬರುತ್ತೇನೆಂದು ಹೇಳಿ ಹೊರಟವರು ಇದುವರೆಗೆ ಮನೆಗೆ ಬಂದಿಲ್ಲ. ಅವರನ್ನು ಹುಡುಕಿಕೊಡಬೇಕು.

ನನ್ನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಪತ್ರಿಕೆಯ ಉಪಸಂಪಾದಕ ವಾರಕ್ಕೆರಡು ಸಲ ಫೋನ್ ಮಾಡಿ ಯಾವುದಾದರೂ ವಿಚಿತ್ರ ಸುದ್ದಿ ಓದಿ ಹೇಳುತ್ತಾನೆ. ಕದ್ದ ಬೈಕಿಗೆ ಪೆಟ್ರೋಲ್ ಕೇಳಲು ಬೈಕಿನ ಮಾಲೀಕನ ಬಾಗಿಲನ್ನೇ ತಟ್ಟಿದ ಕಳ್ಳ, ತನ್ನ ಮದುವೆಯ ದಿನ ತಪ್ಪಿ ಬೇರೆಯವರ ಮದುವೆಯಲ್ಲಿ ಊಟ ಮುಗಿಸಿದ ವರ, ಇಂಥವು. ನಾನು ನಾಲ್ಕು ಸಾಲು ಬರೆದು ಕಳಿಸುತ್ತೇನೆ. ಆದರೆ ನನ್ನದೊಂದು ಕಟ್ಟುನಿಟ್ಟು. ಸುದ್ದಿಯಲ್ಲಿರುವವರ ಹೆಸರು, ವಯಸ್ಸು, ಮನೆಯ ವಿಳಾಸ ತೆಗೆದೇ ಓದಬೇಕು. ಹೆಸರು ಕೇಳಿದರೆ ಮುಖ ಕಣ್ಣಮುಂದೆ ಬರುತ್ತದೆ, ಮುಖ ಬಂದರೆ ನನಗೆ ನಗು ಹುಟ್ಟುವುದಿಲ್ಲ. ಯಾರ ಮನಸ್ಸೂ ನೋಯಬಾರದೆಂದೇ ಹಾಗೆ ಮಾಡಿಕೊಂಡಿದ್ದೆ.

ಬರೆದದ್ದನ್ನು ಮೊದಲು ಕೇಳುವವರು ನನ್ನ ಯಜಮಾನರು. ಅವರು ನಕ್ಕರೆ ಪತ್ರಿಕೆಗೆ ಹೋಗುತ್ತದೆ, ಬರೀ ಹೂಂ ಅಂದರೆ ಹರಿದುಹಾಕಿ ಮತ್ತೆ ಬರೆಯುತ್ತೇನೆ. ಅವರು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರು. ಹಾಗೆಂದು ನಿನ್ನೆ ಸಂಜೆಯವರೆಗೆ ನಾನು ತಿಳಿದಿದ್ದೆ.

ಕಳೆದ ಮಂಗಳವಾರ ಸಂಜೆ ಎಂದಿನಂತೆ ಆರೂಕಾಲಿಗೆ ಬಂದರು. ಕಣ್ಣು ಕೆಂಪಾಗಿತ್ತು. ಟ್ಯೂಬ್‌ಲೈಟ್ ಆರಿಸು, ಬೆಳಕು ಚುಚ್ತಾ ಇದೆ ಎಂದರು. ಏನಾಯ್ತು ರೀ ಎಂದು ಕೇಳಿದ್ದಕ್ಕೆ ಉಗ್ರಾಣದ ಧೂಳು ಎಂದರು. ತಣ್ಣೀರಿನಲ್ಲಿ ಬಟ್ಟೆ ಅದ್ದಿ ಕೊಟ್ಟೆ. ಅದಕ್ಕಿಂತ ಹೆಚ್ಚು ವಿಚಾರಿಸಲಿಲ್ಲ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಉಪಸಂಪಾದಕನ ಫೋನ್ ಬಂತು. ಅಕ್ಕ, ಈ ಸಲದ್ದು ಭರ್ಜರಿ ಇದೆ ಎಂದು ಶುರುಮಾಡಿದ. ಒಬ್ಬ ಮನುಷ್ಯ ಏಳು ತಿಂಗಳಿಂದ ಪ್ರತಿದಿನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಊಟದ ಡಬ್ಬಿ ಹಿಡಿದು ಕಣ್ಣಿನ ಆಸ್ಪತ್ರೆಗೆ ಬರುತ್ತಿದ್ದನಂತೆ. ಸರದಿಯ ಚೀಟಿ ತೆಗೆದುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದನಂತೆ. ತನ್ನ ನಂಬರ್ ಹತ್ತಿರ ಬಂದಾಗ ತಡವಾಗಿ ಬಂದ ಯಾರಿಗಾದರೂ ಅದನ್ನು ಕೊಟ್ಟು, ಅವರ ದೊಡ್ಡ ನಂಬರ್ ತಾನು ಇಟ್ಟುಕೊಳ್ಳುತ್ತಿದ್ದನಂತೆ. ಹೀಗೆ ಸಂಜೆಯವರೆಗೆ ಸರದಿಯೇ ಬರುತ್ತಿರಲಿಲ್ಲ. ಮಂಗಳವಾರ ಹೊಸದಾಗಿ ಬಂದ ನರ್ಸ್ ಅಯ್ಯೋ ಪಾಪ ಎಂದು ಕೈಹಿಡಿದು ಒಳಗೆ ಕರೆದೊಯ್ದು ಕಣ್ಣಿಗೆ ಪಾಪೆ ಅಗಲಿಸುವ ಔಷಧಿ ಹಾಕಿದ್ದಾಳೆ. ವೈದ್ಯರು ನೋಡಿದರೆ ಎರಡೂ ಕಣ್ಣು ಗಟ್ಟಿಮುಟ್ಟು. ಆಗ ವಿಷಯ ಹೊರಬಿದ್ದಿದೆ. ಫೋನಿನಲ್ಲಿ ಅವನೂ ನಕ್ಕ, ನಾನೂ ನಕ್ಕೆ. ಅಡುಗೆಮನೆಯ ಕಟ್ಟೆಯ ಮೇಲೆಯೇ ಕಾಗದ ಇಟ್ಟುಕೊಂಡು ಬರೆದೆ. ಬರೆದ ಚುಟುಕವನ್ನು ಈ ಹೇಳಿಕೆಯಲ್ಲಿ ಸೇರಿಸಬೇಕೆಂದು ನಾನೇ ಕೇಳಿಕೊಂಡಿದ್ದೇನೆ:

ಚೀಟಿ ಹಿಡಿದು ಕೂತನಯ್ಯ ಕಣ್ಣಿನಾಸ್ಪತ್ರೇಲಿ,
ಸರದಿ ಬರಲು ಕೊಟ್ಟುಬಿಟ್ಟ ಹಿಂದಿನವರ ಕೈಲಿ.
ಕಣ್ಣು ಎರಡು ಗಟ್ಟಿ ಇದ್ದು ಏನು ಕೆಲಸ ಅಲ್ಲಿ?
ಮನೆಗೆ ಹೋದ್ರೆ ಹೆಂಡ್ತಿ ಬಾಯಿ, ತಂಪು ಗಾಳಿ ಇಲ್ಲಿ!

ಅಂದು ಸಂಜೆ ಕಾಫಿ ಕುಡಿಯುವಾಗ ಸುದ್ದಿಯನ್ನೂ ಹೇಳಿ, ಚುಟುಕವನ್ನೂ ಓದಿದೆ. ಕೈ ತಟ್ಟಿ ತಾಳ ಹಾಕಿಕೊಂಡು ಓದಿದೆ. ಯಜಮಾನರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಮೂರು ಸಾಲು ಚೆನ್ನಾಗಿವೆ ಕಣೇ, ಕೊನೇದು ಹೀಗೆ ಮಾಡಿದರೆ ಹೇಗೆ ಎಂದು ‘ಬೇರೆ ಎಲ್ಲು ಕರೆಯರಣ್ಣ, ಕೂಗಿ ಕರೆವರಿಲ್ಲಿ’ ಎಂದು ಹೇಳಿದರು. ಇಷ್ಟು ವರ್ಷಗಳಲ್ಲಿ ಅವರು ಒಂದು ಸಾಲು ಕಟ್ಟಿಕೊಟ್ಟದ್ದು ಅದೇ ಮೊದಲು. ಪ್ರಾಸ, ಲಯ ಎಲ್ಲ ಸರಿಯಾಗಿ ಕೂತಿತ್ತು. ನಾನು, ಏನ್ರೀ ಇದು, ಜನ ನಗಬೇಕೋ ಅಳಬೇಕೋ, ಇದು ಚುಟುಕ, ಶೋಕಗೀತೆ ಅಲ್ಲ ಎಂದೆ. ಅವರು, ಅದೂ ಸರಿನೇ, ಹೆಂಡ್ತಿದೇ ಇರಲಿ, ಜನ ನಗ್ತಾರೆ ಎಂದರು. ಹಾಗೆ ಹೇಳಿ ತಾವೂ ನಕ್ಕರು. ಅವರು ನಕ್ಕದ್ದರಿಂದ ನಾನು ಕಳಿಸಿದೆ.

ಬುಧವಾರ, ಗುರುವಾರ ಅವರು ಡಬ್ಬಿ ತೆಗೆದುಕೊಂಡು ಹೋಗಿ ಎಲ್ಲಿ ಕೂತಿದ್ದರೋ ನನಗೆ ಗೊತ್ತಿಲ್ಲ. ಎರಡು ದಿನವೂ ಡಬ್ಬಿ ಖಾಲಿಯಾಗಿ ಬಂದಿತ್ತು.

ಶುಕ್ರವಾರ ಪತ್ರಿಕೆಯಲ್ಲಿ ಚುಟುಕ ಅಚ್ಚಾಯಿತು. ಯಜಮಾನರು ಹೊರಟಾಗ ನಾನು ಬಾಗಿಲಲ್ಲಿದ್ದೆ. ಕೆಳಗಿನ ಮಹಡಿಯ ಟೈಲರ್ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ, ಅಕ್ಕ ಇವತ್ತು ಸರಿಯಾಗಿ ಬಾರಿಸಿದಾರೆ, ಆ ಪುಣ್ಯಾತ್ಮ ಓದಿದರೆ ಊರು ಬಿಡ್ತಾನೆ ಎಂದು ಜೋರಾಗಿ ನಕ್ಕಿದ್ದು ನನಗೆ ಕೇಳಿಸಿತು. ಅದನ್ನು ಕೇಳಿ ನಾನು ಬೀಗಿದೆ. ಯಜಮಾನರು ಏನೆಂದರೋ ಕೇಳಿಸಲಿಲ್ಲ. ಟೈಲರ್ ಮೇಲೆ ನನ್ನ ದೂರಿಲ್ಲ, ಅವರಿಗೇನು ಗೊತ್ತಿತ್ತು?

ಆರೂಕಾಲಿಗೆ ಬರಲಿಲ್ಲ. ಮೊಬೈಲ್ ಸ್ವಿಚ್ ಆಫ್ ಆಗಿತ್ತು. ಏಳು ಗಂಟೆಗೆ ಕಾರ್ಖಾನೆಗೆ ಫೋನ್ ಮಾಡಿದೆ. ಕಾವಲುಗಾರ ಎತ್ತಿಕೊಂಡು, ಅಮ್ಮಾ, ಆ ಉಗ್ರಾಣ ಮುಚ್ಚಿ ಏಳು ತಿಂಗಳಾಯ್ತಲ್ಲ, ಸಾರ್ ನಿಮಗೆ ಹೇಳಿಲ್ವಾ ಎಂದು ಕೇಳಿದ. ಮುಚ್ಚುವಾಗ ಎಲ್ಲರಿಗೂ ಭವಿಷ್ಯನಿಧಿಯ (ಪಿ.ಎಫ್.) ದುಡ್ಡು ಕೊಟ್ಟು ಕಳಿಸಿದರಂತೆ, ಸಂಬಳವೆಂದು ಇವರು ಮನೆಗೆ ತರುತ್ತಿದ್ದುದು ಅದೇ ಇರಬೇಕು. ಫೋನ್ ಇಟ್ಟ ಮೇಲೆ ಟ್ಯೂಬ್‌ಲೈಟಿನ ಕಡೆ ಕಣ್ಣು ಹೋಯಿತು. ಮಂಗಳವಾರ ಅವರು ಅದನ್ನು ಆರಿಸು ಎಂದದ್ದು ನೆನಪಾಯಿತು. ಕೂಡಲೇ ಉಪಸಂಪಾದಕನಿಗೆ ಫೋನ್ ಮಾಡಿ ಹೆಸರು ಓದು ಎಂದೆ. ಅಕ್ಕ, ಹೆಸರು ಬೇಡ ಅನ್ನೋದು ನೀವೇ ಅಲ್ವಾ ಎಂದ. ಓದೋ ಮಾರಾಯ ಎಂದು ಕೂಗಿದೆ. ಓದಿದ. ಹೆಸರು ನನ್ನ ಯಜಮಾನರದ್ದೇ. ಅವನಿಗೆ ನನ್ನ ಯಜಮಾನರ ಹೆಸರು ಗೊತ್ತಿರಲಿಲ್ಲ.

ಇಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಿನ ಆಸ್ಪತ್ರೆಗೆ ಹೋದೆ. ಅಲ್ಲಿಯೂ ಇರಲಿಲ್ಲ. ಅವರು ಕೂರುತ್ತಿದ್ದ ಬೆಂಚನ್ನು ತೋರಿಸಿದರು. ಕಸ ಗುಡಿಸುವಾಕೆ ಅವರನ್ನು ಆಸ್ಪತ್ರೆಯ ನೌಕರರೆಂದೇ ತಿಳಿದಿದ್ದಳಂತೆ, ಕಣ್ಣು ಕಾಣದ ಮುದುಕರಿಗೆಲ್ಲ ನಂಬರ್ ಓದಿ ಹೇಳಿ ಬಾಗಿಲವರೆಗೆ ಬಿಟ್ಟು ಬರುತ್ತಿದ್ದರಂತೆ. ಔಷಧಿ ಹಾಕಿದ ನರ್ಸ್ ನನ್ನನ್ನು ಕಂಡು ಅತ್ತುಬಿಟ್ಟಳು. ಅಂದು ಅವರು ಯಾರ ಮೇಲೂ ರೇಗಲಿಲ್ಲವಂತೆ. ಸಂಜೆ ಆರು ಗಂಟೆಯೊಳಗೆ ಕಣ್ಣು ಮೊದಲಿನ ಹಾಗೆ ಆಗುತ್ತಾ, ಮನೆಗೆ ಹೋಗಬೇಕು ಎಂದಷ್ಟೇ ಕೇಳಿದರಂತೆ.

ಅಲ್ಲಿಂದ ನೇರವಾಗಿ ಠಾಣೆಗೆ ಬಂದಿದ್ದೇನೆ. ನಾನು ಚುಟುಕ ಹೇಳಿ ಬರೆಸುವಾಗ ಪಕ್ಕದ ಮೇಜಿನ ಪೇದೆ ನಕ್ಕರು, ಇನ್‌ಸ್ಪೆಕ್ಟರ್ ಅವರನ್ನು ಗದರಿಸಿದರು. ಗದರಿಸಬೇಕಾಗಿರಲಿಲ್ಲ. ನಗು ಬರುವ ಹಾಗೆಯೇ ನಾನು ಬರೆದಿದ್ದೇನೆ.

ಮನೆಯಲ್ಲಿ ಜಗಳವಾಗಿತ್ತೇ ಎಂದು ಕೇಳಿದರು. ಇಲ್ಲ. ನನ್ನ ಬಾಯಿ ಜೋರು, ಅದು ನಿಜ. ಅವರು ಅದಕ್ಕೆ ಹೆದರುವವರಲ್ಲ, ರೇಗಿಸಿ ಇನ್ನೂ ನಾಲ್ಕು ಮಾತು ಹೆಚ್ಚಿಗೆ ಆಡಿಸುವವರು. ಆದರೂ ಕೆಲಸ ಹೋಯಿತೆಂಬ ಒಂದು ಮಾತು ನನಗೆ ಹೇಳಲು ಅವರಿಂದ ಆಗಲಿಲ್ಲ. ಅದಕ್ಕೆ ನನಗೆ ಸಿಟ್ಟಿದೆ. ಬಹಳ ಸಿಟ್ಟಿದೆ. ಅವರು ಬಂದ ಮೇಲೆ ಬೈಯುತ್ತೇನೆ, ಆದರೆ ಮೊದಲು ಬರಲಿ.

ಚಹರೆ: ಎತ್ತರ ಐದು ಅಡಿ ಆರು ಅಂಗುಲ, ಎಣ್ಣೆಗಪ್ಪು ಬಣ್ಣ, ಮುಂದಲೆ ಬೋಳು, ಬಲಗೈ ಹೆಬ್ಬೆರಳಿನಲ್ಲಿ ರಟ್ಟು ಕೊಯ್ದ ಹಳೆಯ ಗಾಯದ ಗುರುತು. ತಿಳಿನೀಲಿ ಅಂಗಿ, ಬೂದು ಪ್ಯಾಂಟು, ನಾನೇ ಇಸ್ತ್ರಿ ಮಾಡಿದ್ದು. ಕೈಯಲ್ಲಿ ಊಟದ ಚೀಲ. ಹುಡುಕುವಾಗ ಆಸ್ಪತ್ರೆ, ರೈಲು ನಿಲ್ದಾಣ, ಗ್ರಂಥಾಲಯ, ಎಲ್ಲೆಲ್ಲಿ ಬೆಂಚಿದೆಯೋ ಅಲ್ಲೆಲ್ಲ ನೋಡಬೇಕು. ನೀಟಾಗಿ ಕೂತಿರುತ್ತಾರೆ, ಕಾಣೆಯಾದವರ ಹಾಗೆ ಕಾಣುವುದಿಲ್ಲ.

ಸಿಕ್ಕಾಗ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಹೇಳುತ್ತಾರೆ. ಯಾರೂ ಎದುರು ವಾದಿಸಬಾರದು. ಇವತ್ತು ರಜೆ ಸಾರ್ ಎಂದು ಹೇಳಿ, ಕೂರಿಸಿಕೊಂಡು, ನನಗೆ ಫೋನ್ ಮಾಡಬೇಕು. ಎಷ್ಟು ಹೊತ್ತಿನಲ್ಲಾದರೂ ಬರುತ್ತೇನೆ.

ಬರೆದುಕೊಂಡದ್ದನ್ನು ಓದಿ ಹೇಳಿದರು, ಪೂರ್ತಿ ಕೇಳಿದೆ. ಎಲ್ಲವೂ ನಡೆದ ಹಾಗೆಯೇ ಇದೆ. ಪ್ರಾಸಕ್ಕೆಂದು ಒಂದು ಮಾತನ್ನೂ ಸೇರಿಸಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶನಿವಾರ, ಬೆಳಿಗ್ಗೆ ಹನ್ನೊಂದೂವರೆ
ಸಹಿ: (ಕಾಣೆಯಾದವರ ಹೆಂಡತಿ)