ಮಾತಾಡಬಾರದ ಕೆಲಸ

…ಅಯ್ಯೋ ಅಪ್ಪಾ, ಗಿಡ್ಡ ಮಾಡು ಅಂದೆ, ಬೋಳಿಸು ಅಂದ್ನಾ! … ನಗ್ತಿದೀಯ ತಾನೆ? ಕನ್ನಡಿಯಲ್ಲಿ ಕಾಣಿಸುತ್ತೆ ಕಣೋ, ಮೀಸೆ ಅಲ್ಲಾಡ್ತಿದೆ. ನಗೋದಾದ್ರೆ ಬಾಯಿ ಬಿಟ್ಟು ನಗಬಾರದಾ? … ಸರಿ ಸರಿ, ಅಲ್ಲಾಡಲ್ಲ. ಕಿವಿ ಹುಷಾರು.

ಅಂಗಡಿಗೆ ರಜೆ ಅಂತ ಗೊತ್ತಿದ್ದೇ ಇವತ್ತು ಬಂದೆ. ಬೇರೆ ದಿನ ಈ ಕುರ್ಚಿ ನನಗೆಲ್ಲಿ ಸಿಗುತ್ತೆ? ಗಿರಾಕಿ ಕೂತ್ರೆ ಸಾಕು, ನಿನ್ನ ಕತ್ತರಿಗಿಂತ ನಾಲಿಗೆ ಜೋರು. ಮೆಟ್ಟಿಲು ಹತ್ತಿ ಮನೆಗೆ ಬಂದ್ರೆ ಬಾಯಿಗೆ ಬೀಗ. … ಇಲ್ಲಪ್ಪ, ತಪ್ಪು ಹೇಳ್ತಿಲ್ಲ. ನಾನೇನು ಕಡಿಮೆಯಾ?

ಸಂಜೆ ಪಕ್ಕದ ಟೈಲರ್ ಮಾವನ ಮಗಳು ಬರ್ತಾಳಂತೆ. ರಜೆಯಲ್ಲಿ ಇಂಟರ್ನ್‌ಶಿಪ್ ಹೇಗೆ ಹುಡುಕೋದು, ಸಿಕ್ಕಿದ್ಮೇಲೆ ಹೇಗೆ ಒಳ್ಳೆ ಹೆಸರು ತಗೊಳ್ಳೋದು ಅಂತ ನನ್ನ ಕೇಳೋಕೆ. ನೀನೇ ತಾನೆ ಡಂಗುರ ಹೊಡೆದಿದ್ದು? ಬಂದವರ ತಲೆ ಹಿಡ್ಕೊಂಡು, "ನನ್ನ ಮಗಳು ಪಕ್ಷಿ ಕೇಂದ್ರದಲ್ಲಿದಾಳೆ, ಕೊಕ್ಕರೆ ಸಾಕ್ತಿದಾಳೆ!" ಅಂತ. ಪಾಪ, ತಲೆ ನಿನ್ನ ಕೈಲಿರುವಾಗ ಅವರು ಹೂಂ ಅನ್ನದೆ ಏನ್ ಮಾಡ್ತಾರೆ!

ಸರ್ಟಿಫಿಕೇಟಾ? … ಬರುತ್ತೆ. ಪೋಸ್ಟಲ್ಲಿ ಬರುತ್ತೆ. ನೀನು ಕತ್ತರಿಸು.

ಏನ್ ಹೇಳ್ಲಿ ಆ ಹುಡುಗಿಗೆ? ಮೇಲ್ ಕಳಿಸಿ ಕಾಯ್ತಾ ಕೂರಬೇಡ ಅಂತೀನಿ. ನಾನು ಎಷ್ಟು ಕಡೆ ಕಳಿಸಿದೆ, ಒಬ್ಬರಾದ್ರೂ "ಬೇಡ" ಅಂತನಾದ್ರೂ ಬರೆದ್ರಾ? ಕೊನೆಗೆ ಹಳೇ ಶೂ ಹಾಕ್ಕೊಂಡು ನಾನೇ ಹೋಗಿ ಗೇಟಲ್ಲಿ ನಿಂತೆ. ಡಾಕ್ಟರಮ್ಮ ಮೊಣಕಾಲುದ್ದ ಬೂಟು ಹಾಕ್ಕೊಂಡು ಬಕೆಟ್ ಹಿಡ್ಕೊಂಡು ಹೋಗ್ತಿದ್ರು. ಪಕ್ಷಿ ಅಂದ್ರೆ ನನಗೆ ಪ್ರಾಣ ಅಂತ ಹೇಳೋಕೆ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. "ಆ ಬಕೆಟ್ ಕೊಡಿ ಮೇಡಂ, ನಾನು ಹೊರ್ತೀನಿ" ಅಂದೆ. ಅಷ್ಟೇ. ಅದೇ ನನ್ನ ಇಂಟರ್‌ವ್ಯೂ! … ನಗು, ನಗು. ಬಕೆಟ್ ತುಂಬ ಮೀನು. ವಾಸನೆಗೆ ತಲೆ ತಿರುಗ್ತಿತ್ತು, ನಾನು ಮಾತ್ರ ನಗ್ತಾನೇ ಹೊತ್ತೆ.

ಹೋದಮೇಲೆ ಏನ್ ಮಾಡ್ಬೇಕು ಅಂದ್ರೆ… ಕೇಳಬೇಕು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕು. ತೊಳೆಯೋ ಕೆಲಸ ಕೊಟ್ರೆ ಮುಖ ಗಂಟು ಹಾಕಬಾರದು. ಮತ್ತೆ… ಅಲ್ಲಿನ ನಿಯಮ ಏನಿದೆಯೋ ಅದನ್ನ… ಹೂಂ. ಪಾಲಿಸಬೇಕು.

ಆ ನಿಯಮ ನಿನಗೆ ಹೇಳಿದ್ನಾ? ಫೋನಲ್ಲಿ ಹೇಳಲಿಲ್ಲ ಅಲ್ವಾ. ಫೋನಲ್ಲಿ ನಾವು "ಊಟ ಆಯ್ತಾ, ಆಯ್ತು" ಬಿಟ್ಟು ಇನ್ನೇನು ಮಾತಾಡಿದ್ವಿ! ಈಗ ನನಗೆ ಹೊದಿಸಿದೀಯಲ್ಲ ಈ ಬಿಳಿ ಬಟ್ಟೆ, ಅಲ್ಲೂ ಇಂಥದ್ದೇ. ಮುಖ ಸಮೇತ ಮುಚ್ಕೋಬೇಕು, ಕಣ್ಣಿಗೆ ಮಾತ್ರ ಬಲೆ. ಬಲಗೈಗೆ ಕೊಕ್ಕರೆ ತಲೆ ಥರದ ಗೊಂಬೆ. ಅದರ ಕೊಕ್ಕಲ್ಲೇ ಮೀನು ಕಚ್ಚಿಸಿ ಮರಿಗೆ ಕೊಡಬೇಕು. ಮತ್ತೆ ಒಂದು ಮಾತೂ ಆಡಬಾರದು. ಕೆಮ್ಮಬಾರದು. ಸೀನಬಾರದು! … ಹೂಂ, ನೀನಾಗಿದ್ರೆ ಮೊದಲ ದಿನವೇ ಗೇಟ್ ಪಾಸ್. ಮರಿಗೆ ಊರ ಸುದ್ದಿಯೆಲ್ಲ ಹೇಳಿ, ಮೀಸೆ ಟ್ರಿಮ್ ಮಾಡ್ಲಾ ಅಂತಿದ್ದೆ.

ಯಾಕೆ ಅಂದ್ರೆ, ತಾಯಿ ಸತ್ತ ಮರಿಗಳು ಅವು. ಅಂಥವು ಮನುಷ್ಯರ ದನಿ ಕೇಳಿದ್ರೆ ಮನುಷ್ಯರನ್ನೇ ತಾಯಿ ಅಂದ್ಕೊಳ್ತವೆ. ಆಮೇಲೆ ಕೆರೆಗೆ ಬಿಟ್ರೂ ಜನರ ಹತ್ತಿರಾನೇ ಬರ್ತವೆ, ಯಾರೋ ಹಿಡೀತಾರೆ, ನಾಯಿ ಕಚ್ಚುತ್ತೆ. ನಮ್ಮನ್ನ ಕಂಡ್ರೆ ಅವು ಓಡಬೇಕು. ಓಡಿದ್ರೆ ಕೆಲಸ ಚೆನ್ನಾಗಿ ಆಯ್ತು ಅಂತ. ಸಾಕಿದವರ ಗುರುತೇ ಇಲ್ಲದ ಹಾಗೆ ಹಾರಿ ಹೋಗ್ಬೇಕು, ಅದೇ ನಮಗೆ ಕೊಡೋ ಮಾರ್ಕು.

ನನಗೆ ಒಂದು ಮರಿ ವಹಿಸಿದ್ರು. ಹೆಸರಿಡೋ ಹಾಗಿಲ್ಲ, ಕಾಲಿಗೆ ಹಳದಿ ಉಂಗುರ ಇತ್ತು. ಆ ಹಳದಿ ಎಂಥ ಮೊಂಡು ಗೊತ್ತಾ! ಉಳಿದವೆಲ್ಲ ಗಬಗಬ ತಿನ್ನೋವು, ಇದು ಗೋಡೆ ಕಡೆ ಮುಖ ಮಾಡ್ಕೊಂಡು ನಿಲ್ಲೋದು. ತಿನ್ನಲ್ಲ ಅಂದ್ರೆ ತಿನ್ನಲ್ಲ. ಕತ್ತು ಹಗ್ಗದ ಹಾಗೆ ಆಗೋಗಿತ್ತು. ಉಳಿಯೋದು ಕಷ್ಟ ಅಂದ್ರು ಡಾಕ್ಟರಮ್ಮ. ನಾನು ಬಿಡಲಿಲ್ಲ. ತಿನ್ನಿಸಿದೆ. ಬೆಳೀತು ಅಪ್ಪಾ, ನನ್ನ ಸೊಂಟದಷ್ಟು ಎತ್ತರ ಬೆಳೀತು. ರೆಕ್ಕೆ ಬಿಚ್ಚಿದ್ರೆ ಈ ಅಂಗಡಿ ಸಾಲದು!

… ಹೇಗೆ ತಿನ್ನಿಸಿದೆ ಅಂದ್ರೆ… ತಿನ್ನಿಸಿದೆ ಅಷ್ಟೆ. ಹಿಂದೆ ಇನ್ನೂ ಸ್ವಲ್ಪ ತೆಗಿ, ಕತ್ತಿಗೆ ಚುಚ್ಚುತ್ತೆ.

ಬಿಡುಗಡೆ ದಿನ ಎಲ್ಲವನ್ನೂ ಕೆರೆಗೆ ಒಯ್ದ್ವಿ. ಪೆಟ್ಟಿಗೆ ತೆರೆದ ತಕ್ಷಣ ಒಂದೊಂದೇ ಆಚೆ ದಡಕ್ಕೆ ಹಾರಿದವು. ಹಳದಿನೂ ಹಾರಿತು. ಹಾರಿತು ಅಪ್ಪಾ! ನಾನು ಆ ಬಿಳಿ ಬಟ್ಟೆಯೊಳಗೇ ಅತ್ತುಬಿಟ್ಟೆ. ಆಗ ಪಕ್ಕದ ದಡದಲ್ಲಿ ಬಟ್ಟೆ ಒಗೀತಿದ್ದ ಒಬ್ಬ ಹೆಂಗಸು ಆಡ್ತಿದ್ದ ಮಕ್ಕಳನ್ನ ಕೂಗಿದ್ಲು, ಬನ್ರೋ ಊಟಕ್ಕೆ ಅಂತ… ಹಳದಿ ಗಾಳಿಯಲ್ಲೇ ತಿರುಗಿತು. ನೇರ ಬಂದು ಅವಳ ಎದುರು ಇಳಿದು, ಕತ್ತು ಚಾಚಿ, ಬಾಯಿ ತೆಗೆದು ನಿಂತ್ಕೊಂಡಿತು. ಅವಳು ಹೆದರಿ ಒದ್ದೆ ಬಟ್ಟೆಯಲ್ಲೇ ಹೊಡೆದಳು. ಹೊಡೆದ್ರೂ ಹೋಗಲಿಲ್ಲ. ಮತ್ತೆ ಬಾಯಿ ತೆಗೀತು.

ವಾಪಸ್ ಹಿಡ್ಕೊಂಡು ಬಂದ್ವಿ. ಇನ್ನು ಬಿಡಲ್ಲವಂತೆ. ಬದುಕಿರೋವರೆಗೂ ಪಂಜರವೇ. "ಯಾರೋ ಇದರ ಹತ್ತಿರ ಮಾತಾಡಿದಾರೆ" ಅಂದ್ರು ಡಾಕ್ಟರಮ್ಮ. ಯಾರೋ… ಅಲ್ಲಿ ಎಷ್ಟು ಜನ ಓಡಾಡ್ತಾರೆ, ಯಾರು ಅಂತ ಹೇಳೋದು…

ಕತ್ತರಿ ಯಾಕೆ ನಿಲ್ಲಿಸಿದೆ? … ಹಾಗೆ ನೋಡಬೇಡ ಕನ್ನಡಿಯಲ್ಲಿ.

ನಾನೇ. ನಾನೇ ಅಪ್ಪಾ. ಡಾಕ್ಟರಮ್ಮನಿಗೂ ಅಲ್ಲೇ ಹೇಳಿದೆ, ಅವರೂ ಬೈಯಲಿಲ್ಲ. ಬಕೆಟ್ ನನ್ನ ಕೈಯಿಂದ ತಗೊಂಡ್ರು, ಅಷ್ಟೆ. ಸರ್ಟಿಫಿಕೇಟ್ ಬರಲ್ಲ. ನೀನು ಯಾರಿಗೂ ಏನೂ ಹೇಳಬೇಡ, ಟೈಲರ್ ಮಾವನ ಮಗಳಿಗೆ ನಾನೇ ಹೇಳ್ಕೊಳ್ತೀನಿ. ಆಯ್ತಲ್ಲ, ಇನ್ನು ಕತ್ತರಿಸು.

… ಏನ್ ಮಾತಾಡಿದೆ ಅಂದ್ರೆ? ಏನೋ! ಮರಿ ಹತ್ತಿರ ಏನ್ ಮಾತಾಡ್ತಾರೆ, ರಾಜಕೀಯಾನಾ! ತಿನ್ನು ಅಂದೆ. ಎಲ್ಲರೂ ಅನ್ನೋ ಹಾಗೆ. … ಇಲ್ಲಪ್ಪ, ಬೇರೇನಿಲ್ಲ. … ಅಯ್ಯೋ, ಯಾಕೆ ಹೀಗೆ ಭುಜ ಹಿಡ್ಕೊಂಡು ನಿಂತೆ? ಬಿಡು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಬಿಟ್ಟು ನಿಲ್ಲೋದಾ? ಗಿರಾಕಿಗೆ ಹೀಗೆ ಮಾಡ್ತೀಯಾ?

ಸರಿ. ಹೇಳ್ತೀನಿ. ನಗಬಾರದು.

ಬಟ್ಟಲಲ್ಲಿ ಹಸಿ ಮೀನು. ಐಸ್ ನೀರಿಂದ ತೆಗೆದದ್ದು, ಕೈ ಮರಗಟ್ಟೋಷ್ಟು ತಂಪು. ಅದನ್ನ ಹಿಡ್ಕೊಂಡು ಮರಿಗೆ ಹೇಳ್ತಿದ್ದೆ… ತಣ್ಣಗಾಗ್ತಿದೆ ಅಂತ. ಹಸಿ ಮೀನು ತಣ್ಣಗಾಗೋದೇನು ಬಂತು! ಹುಚ್ಚಿ ಅಲ್ವಾ ನಾನು? … ನಗಲಿಲ್ಲ ನೀನು.

ಹೀಗೆ… "ಬಂದ್ರಾ…? ಬನ್ರೋ… ತಣ್ಣಗಾಗ್ತಿದೇ…"

… ಅಪ್ಪಾ.

ಅಪ್ಪಾ, ಬೆಂಚ್ ಮೇಲೆ ಯಾಕೆ ಕೂತೆ? ಈ ಕಡೆ ತಿರುಗು. … ಗೊತ್ತಾಯ್ತಲ್ಲ. ಕೊನೆಯ ಅಕ್ಷರ ಹಾಗೆ ಮೇಲಕ್ಕೆಳೆಯೋರು ಇನ್ಯಾರಿದ್ರು? ಮೆಟ್ಟಿಲ ಮೇಲೆ ನಿಂತು, ಸೌಟು ಕೈಲಿ ಹಿಡ್ಕೊಂಡೇ, ಇಲ್ಲಿ ನಿನ್ನನ್ನ, ಬೀದಿಯಲ್ಲಿ ನನ್ನನ್ನ, ಒಂದೇ ಕೂಗಿಗೆ ಇಬ್ಬರನ್ನೂ ಎಳ್ಕೊಂಡು ಹೋಗ್ತಿದ್ಲು. ನೀನು ಅರ್ಧ ಕತ್ತರಿಸಿದ ತಲೆ ಬಿಟ್ಟು ಓಡ್ತಿದ್ದೆ, ನೆನಪಿದೆಯಾ? ಗಿರಾಕಿಗಳು ಬೈಯೋರು.

ಅಮ್ಮ ಹೋದಮೇಲೆ ಈ ಮನೇಲಿ ಯಾರೂ ಯಾರನ್ನೂ ಊಟಕ್ಕೆ ಕರೆದಿಲ್ಲ ಅಪ್ಪಾ. ನಿನಗೆ ಹಸಿವಾದಾಗ ನೀನು, ನನಗೆ ಹಸಿವಾದಾಗ ನಾನು. ಅದಕ್ಕೇ ದೂರದ ಕೆಲಸ ಹುಡುಕಿದ್ದು ನಾನು. ಪಕ್ಷಿ ಅಂದ್ರೆ ಪ್ರಾಣ ಅಂತೇನಲ್ಲ. ಮಾತಾಡಬಾರದ ಕೆಲಸ ಅಂದಾಗ ಒಳ್ಳೇದೇ ಆಯ್ತು ಅಂದ್ಕೊಂಡೆ. ಆದ್ರೆ ಅಲ್ಲಿ ಒಂದಿನ ನೆನಪು ಮಾಡ್ಕೊಳ್ಳೋಕೆ ಹೋದೆ, ಅವಳ ದನಿ ಬರಲಿಲ್ಲ. ಮುಖ ಫೋಟೋದಲ್ಲಿದೆ. ಸೀರೆ ಬೀರುವಿನಲ್ಲಿದೆ. ದನಿ ಎಲ್ಲಿದೆ ಅಪ್ಪಾ? ಯಾರ ಫೋನಲ್ಲೂ ಇಲ್ಲ. ಹೆದರಿಕೆ ಆಯ್ತು. ಎದುರಿಗೆ ಆ ಮರಿ ಗೋಡೆ ಕಡೆ ತಿರುಗಿ ನಿಂತಿತ್ತು, ನಿನ್ನ ಹಾಗೇ. ಆ ಕೂಗು ಬಾಯಿಂದ ತಾನಾಗಿ ಬಂತು. ಅವಳೇ ಬಂದ ಹಾಗಿತ್ತು. ಮರಿ ತಿರುಗಿ ನೋಡ್ತು… ಬಾಯಿ ತೆಗೀತು. ಆಮೇಲೆ ನನಗೆ ನಿಲ್ಲಿಸೋಕೆ ಆಗಲಿಲ್ಲ. ಮರಿಗೋಸ್ಕರ ಅಂತ ಹೇಳ್ಕೊಂಡೆ. ದಿನಾ ಕರೆದೆ.

ಈಗ ಅದು ಪಂಜರದ ಬಾಗಿಲಲ್ಲಿ ಕತ್ತು ಚಾಚ್ಕೊಂಡು ನಿಂತಿರುತ್ತಂತೆ. ಯಾರು ಮೀನು ಇಟ್ರೂ ಮೊದಲು ಕಿವಿ ಕೊಡುತ್ತಂತೆ. ಅಮ್ಮ ಕರೀತಾಳೆ ಅಂತ ಕಾಯೋರು ಈಗ ಮೂರು ಜೀವ ಆದ್ವಿ ಅಪ್ಪಾ…

ಏನಾದ್ರೂ ಅನ್ನು. ಬೈದಾದ್ರೂ ಬಿಡು.

… ಏನು? ಕೈಸನ್ನೆ ಅರ್ಥ ಆಗ್ತಿಲ್ಲ. … ಇನ್ನೊಂದು ಸಲಾನಾ?

ಮೇಲೆ ಅನ್ನ ಮಾಡಿಟ್ಟೇ ಬಂದಿದೀನಿ. ತಡಿ, ಈ ಬಟ್ಟೆ ಬಿಚ್ಚಿ ಮೆಟ್ಟಿಲ ಮೇಲೆ ಹೋಗಿ ನಿಂತ್ಕೊಳ್ತೀನಿ. ಅಲ್ಲಿಂದ ಕರೆದ್ರೇನೇ ಸರಿ. ಅಳಬೇಡ… ಅತ್ರೆ ನನಗೆ ಆ ಕೊನೇ ಅಕ್ಷರಾನ ಎಳೆಯೋಕೆ ಬರಲ್ಲ.